ಸತ್ತವರ ನಂಬರಿಗೆ ಸಂತಾಪ

ನನ್ನ ಬಲಗೈ ಹೆಬ್ಬೆರಳು ನೋಯತೊಡಗಿ ತಿಂಗಳಾದ ಮೇಲೆ, ಮನೆಯಾಕೆಯ ಕಾಟ ತಾಳಲಾರದೆ, ಹಾವೇರಿಯ ನಮ್ಮ ಓಣಿಯ ಡಾಕ್ಟರರ ಬಳಿ ಹೋದೆ. ಅವರು ಬೆರಳನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ, ನನ್ನ ಬಾಯಿಂದ ಎರಡು ಸಲ ‘ಯಪ್ಪಾ’ ಎನ್ನಿಸಿ, “ಎಮ್ಮಿ ಹಿಂಡ್ತೀರೇನ್ರಿ ಸರ?” ಎಂದು ಕೇಳಿದರು. ದಿನಾ ನಾಲ್ಕಾರು ಎಮ್ಮೆ ಹಿಂಡುವವರಿಗೆ ಹೆಬ್ಬೆರಳಿನ ನರ ಹೀಗೆ ಹಿಡಿದುಕೊಳ್ಳುತ್ತದಂತೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನಾನು ಜನ್ಮದಲ್ಲಿ ಎಮ್ಮೆಯ ಕೆಚ್ಚಲು ಮುಟ್ಟಿದವನಲ್ಲ. ನಿಜ ಹೇಳಲು ನಾಚಿಕೆಯಾಗಿ, ಬರೆಯುವ ಕೆಲಸ ಜಾಸ್ತಿ ಎಂದುಬಿಟ್ಟೆ. ಅವರು ನನ್ನನ್ನು ಸಾಹಿತಿ ಎಂದು ತಿಳಿದು ಬಹಳ ಗೌರವದಿಂದ ಒಂದು ಮುಲಾಮು ಬರೆದುಕೊಟ್ಟರು.

ನಿಮ್ಮ ಹತ್ತಿರ ಮುಚ್ಚಿಡುವುದೇನು? ನಾನು ‘ನಮ್ಮ ಮನೆತನ’ ಎಂಬ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಹಲಗೇರಿ, ಮೋಟೆಬೆನ್ನೂರುಗಳಲ್ಲಿ ಚದುರಿ ಕುಳಿತಿರುವ ನಮ್ಮ ಬಳಗವೆಲ್ಲ ಈಗ ನನ್ನ ಅಂಗಿಯ ಕಿಸೆಯಲ್ಲಿದೆ. ಬೆಳಿಗ್ಗೆ ಐದೂವರೆಗೆ ಎದ್ದು, ಮುಖ ತೊಳೆಯುವ ಮೊದಲೇ, ಅವರಿಗೆಲ್ಲ ಗುಲಾಬಿ ಹೂವಿನ ಶುಭೋದಯ ಕಳಿಸುತ್ತೇನೆ. ಆಮೇಲೆ ಹುಟ್ಟುಹಬ್ಬದವರಿಗೆ ಕೇಕು, ಮದುವೆಯ ದಿನದವರಿಗೆ ಜೋಡಿ ಗಿಳಿ, ಮಗು ಹೆತ್ತವರಿಗೆ ತೊಟ್ಟಿಲು. ಇಷ್ಟು ವರ್ಷ ನೌಕರಿ ಮಾಡಿದರೂ ಹೆಡ್‌ಮಾಸ್ತರ ಆಗದ ನನಗೆ ಈ ಹುದ್ದೆ ಎಷ್ಟು ಹಿಡಿಸಿತೆಂದರೆ, ನನ್ನ ಶುಭೋದಯಕ್ಕೆ ‘ದಿನಾ ಒಂದ ಹೂವ ಏನೋ’ ಎಂದು ಬರೆದ ಸೋದರಮಾವನನ್ನೇ ಒಮ್ಮೆ ಗ್ರೂಪಿನಿಂದ ತೆಗೆದುಹಾಕಿದ್ದೆ. ಅವರು ಮನೆ ಮನೆಗೆ ಹೋಗಿ ದೂರು ಹೇಳಿದ ಮೇಲೆ ಷರತ್ತಿನ ಮೇಲೆ ಮರಳಿ ಸೇರಿಸಿಕೊಂಡೆ.

ಆದರೆ ನನ್ನ ಖ್ಯಾತಿ ಇರುವುದು ಹುಟ್ಟಿದವರಿಂದಲ್ಲ, ಸತ್ತವರಿಂದ. ಬಳಗದಲ್ಲಿ ಯಾರೇ ತೀರಿಕೊಂಡರೂ ಹತ್ತು ನಿಮಿಷದೊಳಗೆ ಅವರ ಶ್ರದ್ಧಾಂಜಲಿ ಪೋಸ್ಟರು ಗ್ರೂಪಿನಲ್ಲಿ ಬಿದ್ದಿರುತ್ತದೆ. ಎರಡು ಬದಿಗೆ ದೀಪ, ಮೇಲೆ ಚೆಂಡು ಹೂವಿನ ಹಾರ, ಕೆಳಗೆ ಅಂತ್ಯಕ್ರಿಯೆಯ ಸಮಯ. ಚೌಕಟ್ಟು ಸಿದ್ಧವೇ ಇರುತ್ತದೆ, ಫೋಟೋ ಮತ್ತು ಹೆಸರು ಬದಲಿಸಿದರೆ ಸಾಕು. ಇನ್ನೂ ನಿಜ ಹೇಳಬೇಕೆಂದರೆ, ಬಳಗದ ಹಿರಿಯರು ಯಾರಾದರೂ ಆಸ್ಪತ್ರೆಗೆ ಸೇರಿದ್ದಾರೆಂದು ಗೊತ್ತಾದ ಕೂಡಲೇ ಹಳೆಯ ಮದುವೆ ಫೋಟೋಗಳಿಂದ ಅವರ ಮುಖ ಕತ್ತರಿಸಿ ತೆಗೆದಿಟ್ಟುಕೊಳ್ಳುತ್ತಿದ್ದೆ. ಅವರು ಗುಣವಾಗಿ ಮನೆಗೆ ಬಂದರೆ ಸಂತೋಷವಾಗುತ್ತಿತ್ತು, ಆದರೂ ಒಳಗೊಳಗೆ ಒಂದು ಕೆಲಸ ದಂಡವಾಯಿತೆಂದೂ ಅನ್ನಿಸುತ್ತಿತ್ತು.

ನನ್ನೊಬ್ಬನನ್ನೇ ಬಯ್ಯಬೇಡಿ. ಈಗ ನಮ್ಮ ಕಡೆ ಯಾರ ಮನೆಗೆ ಹೋದರೂ ನೋಡಿ. ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವ ಪದ್ಧತಿ ಇನ್ನೂ ಇದೆ, ಆದರೆ ಬಂದವರು ನೀರಿನ ಕಡೆ ನೋಡುವುದಿಲ್ಲ, ಗೋಡೆಯ ಕಡೆ ನೋಡುತ್ತಾರೆ, ಚಾರ್ಜರ್ ಚುಚ್ಚುವ ಜಾಗ ಎಲ್ಲಿದೆ ಎಂದು. ಮೊನ್ನೆ ನಮ್ಮ ಮನೆಗೆ ಬಂದ ಬೀಗರು ಎರಡು ತಾಸು ಕುಳಿತು, ನಾಲ್ಕು ಮಾತು ಆಡಿ, ಅವರ ಫೋನು ಪೂರ್ತಿ ತುಂಬಿಕೊಂಡ ಮೇಲೆ ಎದ್ದರು. ಹೊಟ್ಟೆ ತುಂಬಿತೋ ಇಲ್ಲವೋ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ಅವ್ವನ ಕಾಲದಲ್ಲಿ ಹೀಗಿರಲಿಲ್ಲ ಎಂದು ಹೇಳಿದರೆ ನೀವು ಆಕಳಿಸುತ್ತೀರಿ. ಆದರೂ ಹೇಳುತ್ತೇನೆ, ಕೇಳಿ. ಆಗ ನಾವು ರಾಣೇಬೆನ್ನೂರಿನಲ್ಲಿದ್ದೆವು. ಅವ್ವ ವಾರಕ್ಕೊಮ್ಮೆಯಾದರೂ ಯಾರನ್ನಾದರೂ ‘ಮಾತಾಡಿಸಿ ಬರಲು’ ಹೋಗುತ್ತಿದ್ದಳು. ಸಾವಾದ ಮನೆಗೆ ಹೋಗಿ ಕುಳಿತು ಬರುವುದಕ್ಕೆ ನಮ್ಮ ಕಡೆ ಹೇಳುವ ಮಾತು ಅದು. ಆ ಮನೆಯವರಿಗೆಂದು ಒಯ್ಯುವ ಬ್ರೆಡ್ಡಿನ ಪಾಕೀಟು ಹಿಡಿಯುವ ಕೆಲಸ ನನ್ನದು. ಅವ್ವ ದಾರಿಯುದ್ದಕ್ಕೂ ಜೊತೆಯ ಹೆಂಗಸರೊಡನೆ ಸೀರೆ, ಸೊಸೆ, ಹಪ್ಪಳ ಎಂದು ನಗುತ್ತಾ ಬರುತ್ತಿದ್ದವಳು, ಆ ಮನೆಯ ಮೂಲೆ ತಿರುಗುತ್ತಲೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಹೊಸ್ತಿಲು ದಾಟುವಾಗ ಅವಳ ಕಣ್ಣಲ್ಲಿ ನೀರು ಇರುತ್ತಿತ್ತು. ಎಲ್ಲ ನಾಟಕ ಎಂದು ನಾನು ಆಗ ತಿಳಿದಿದ್ದೆ. ಈಗ ನೆನೆದರೆ, ಅವಳು ಒಂದೂ ಮನೆಯನ್ನು ಬಿಟ್ಟದ್ದು ನನಗೆ ನೆನಪಿಲ್ಲ.

ಆ ಮನೆಗಳಿಗೆ ಕಟ್ಟಳೆಗಳಿದ್ದವು. ಮಂಗಳವಾರ, ಅಮಾವಾಸ್ಯೆ ಹೋಗಬಾರದು. ಹೋದ ಮೇಲೆ ಅವಸರ ಮಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಏಳುವಾಗ ‘ಬರ್ತೇವಿ’ ಎನ್ನಬಾರದು, ಮತ್ತೊಂದು ಸಾವಿಗೆ ಬರುತ್ತೇವೆ ಎಂದು ಹೇಳಿದಂತಾಗುತ್ತದೆ. ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿ ಹೊರಟುಬಿಡಬೇಕು. ನಾನು ಒಮ್ಮೆ ಶಾಲೆಯಲ್ಲಿ ಕಲಿತ ಸಭ್ಯತೆಯನ್ನೆಲ್ಲ ಸೇರಿಸಿ, ಕೈಮುಗಿದು, ಗಟ್ಟಿಯಾಗಿ ‘ಬರ್ತೇವ್ರಿ’ ಎಂದಿದ್ದೆ. ಅವ್ವ ಚಿವುಟಿದ ತೊಡೆ ಎರಡು ದಿನ ನೀಲಿಯಾಗಿತ್ತು.

ಇನ್ನು ಗಿರಿಜಕ್ಕನ ವಿಷಯ. ಅವಳು ನನ್ನ ದೊಡ್ಡಪ್ಪನ ಮಗಳು, ನನಗಿಂತ ಏಳು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ನನ್ನ ಶಾಲೆಯ ಪಾಟಿಯನ್ನು ತನ್ನ ಲಂಗದಿಂದ ಒರೆಸಿಕೊಟ್ಟವಳು. ಬ್ಯಾಡಗಿಗೆ ಲಗ್ನವಾಗಿ ಹೋದಳು. ಭಾವ ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕಾಯಿಯನ್ನು ಮುರಿದು ಮೂಗಿಗೆ ಹಿಡಿದರೆ ಸಾಕು, ಯಾವ ಊರ ಹೊಲದ್ದು ಎಂದು ಹೇಳುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ನನ್ನ ಅಪ್ಪ ತೀರಿಕೊಂಡ. ಗಿರಿಜಕ್ಕ ಮೊದಲ ಬಸ್ಸಿಗೆ ಬಂದು, ಒಂಬತ್ತು ದಿನ ನನ್ನ ಪಕ್ಕ ಬಿಟ್ಟು ಏಳಲಿಲ್ಲ. ಏನೂ ಸಮಾಧಾನ ಹೇಳಲಿಲ್ಲ. ನಾನು ಉಣ್ಣುವ ತನಕ ತಾನೂ ಉಣ್ಣದೆ ಕುಳಿತಿದ್ದಳು, ಅಷ್ಟೇ.

ಅಂಥ ಗಿರಿಜಕ್ಕನ ಗಂಡ ತೀರಿಕೊಂಡ ಸುದ್ದಿ ಬಂದಾಗ ನಾನು ರಾಣೇಬೆನ್ನೂರಿನಲ್ಲಿ ಹೆಂಡತಿಯ ಕಡೆಯವರ ನಿಶ್ಚಯದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಗಿರಿಜಕ್ಕನ ಸೊಸೆ ರೇಖಾ ಗ್ರೂಪಿನಲ್ಲಿ ಒಂದೇ ಸಾಲು ಬರೆದಿದ್ದಳು. ಮಾವನವರು ಹಾರ್ಟ್ ಅಟ್ಯಾಕಿನಿಂದ ಹೋದರು, ಸಂಜೆ ನಾಲ್ಕಕ್ಕೆ ಮಣ್ಣು. ರಾಣೇಬೆನ್ನೂರಿನಿಂದ ಬ್ಯಾಡಗಿ ಎಷ್ಟು ದೂರ? ಮನಸ್ಸು ಮಾಡಿದ್ದರೆ ಎಲೆ ಬಿಟ್ಟು ಎದ್ದು ಹೋಗಬಹುದಿತ್ತು. ಆದರೆ ಮಣ್ಣಿಗೆ ಹೋದವನು ಮರಳಿ ಶುಭಕಾರ್ಯದ ಮನೆಗೆ ಬರುವಂತಿಲ್ಲ, ಉಡುಗೊರೆ ಕೊಡಿಸುವಾಗ ಹಿರಿಯನೆಂದು ಕೂರಬೇಕಾದವನು ನಾನು ಎಂದೆಲ್ಲ ಲೆಕ್ಕ ಹಾಕಿದೆ. ಎಡಗೈಯಲ್ಲಿ ಫೋನು ಹಿಡಿದು ಪೋಸ್ಟರು ಮಾಡಿದೆ. ‘ಹೃದಯಾಘಾತದಿಂದ ನಿಧನ’ ಎಂದು ಕೆಂಪು ಅಕ್ಷರದಲ್ಲಿ ಹಾಕಿದೆ. ಒಂಬತ್ತೇ ನಿಮಿಷ. ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳ ಸಾಲು ಹತ್ತಿತು, ನಡುವೆ ಒಬ್ಬ ಅಳಿಯ ‘ಪೋಸ್ಟರ್ ಭಾಳ ಚೊಲೋ ಆಗೇತ್ರಿ ಮಾಮಾ’ ಎಂದು ಹೆಬ್ಬೆರಳು ಎತ್ತಿದ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು.

ಆಮೇಲೆ ಗಿರಿಜಕ್ಕನಿಗೆ ಬೇರೆಯಾಗಿ ಒಂದು ಸಂತಾಪ ಕಳಿಸಬೇಕೆನ್ನಿಸಿತು. ಅವಳ ಹತ್ತಿರ ಫೋನಿಲ್ಲ. ರೇಖಾಳದು ಗ್ರೂಪಿನಲ್ಲಿದ್ದರೂ ಆ ಮನೆಯದೆಂದು ನನಗೆ ತೋಚಿದ್ದು ಭಾವನ ನಂಬರು ಒಂದೇ. ಇಂಥ ಪ್ರಸಂಗಗಳಿಗೆಂದು ಬರೆದಿಟ್ಟಿದ್ದ ಸಂತಾಪವನ್ನು ಎತ್ತಿ ಅದಕ್ಕೇ ಕಳಿಸಿದೆ. ಸತ್ತವರಿಗೇ ಸಂತಾಪ ಹೇಳಿದೆನೆಂದು ಆ ಕ್ಷಣದಲ್ಲಿ ಹೊಳೆಯಲಿಲ್ಲ. ನನಗೊಬ್ಬನಿಗೇ ಅಲ್ಲ, ಬಳಗದಲ್ಲಿ ಯಾರಿಗೂ ಹೊಳೆಯಲಿಲ್ಲವೆಂದು ಆಮೇಲೆ ತಿಳಿಯಿತು.

ಮರುದಿನ ಮಂಗಳವಾರ, ಹೋಗುವಂತಿಲ್ಲ. ಬುಧವಾರ ಗ್ಯಾಸ್ ಸಿಲಿಂಡರ್ ಬರುವುದಿತ್ತು. ಮುಂದಿನ ವಾರ ಅಮಾವಾಸ್ಯೆ. ಒಂಬತ್ತನೆಯ ದಿನಕ್ಕೆ ಮೊಣಕಾಲು ನೋವು. ನಡುವೆ ನಾನು ಕಟ್ಟಳೆಗಳನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ ನಮ್ಮ ಅವ್ವ ಇದ್ದಿದ್ದರೆ ಅವಳಿಗೇ ಗಾಬರಿಯಾಗುತ್ತಿತ್ತು. ಮೂರು ವಾರ ಕಳೆದವು. ಗ್ರೂಪಿನಲ್ಲಿ ಭಾವನ ಪೋಸ್ಟರಿನ ಮೇಲೆ ನೂರಾರು ಗುಲಾಬಿಗಳು ಬಿದ್ದು ಅದು ಎಲ್ಲೋ ಆಳಕ್ಕೆ ಹೋಯಿತು.

ಕೊನೆಗೆ ಒಂದು ದಿನ ಫೋನಿನಲ್ಲೇ ಮಾತಾಡಿಸಿಬಿಡೋಣ ಎಂದು ಅದೇ ನಂಬರಿಗೆ ಹಚ್ಚಿದೆ. ಪರದೆಯ ಮೇಲೆ ಭಾವ ಟೋಪಿ ಹಾಕಿಕೊಂಡು ನಗುತ್ತಾ ಬಂದರು. ನನ್ನ ಧ್ವನಿ ಕೇಳಿ ಆ ಕಡೆಯಿಂದ ‘ಹೇಳೋ’ ಎಂದವಳು ಗಿರಿಜಕ್ಕ. ನಾನು ಧೈರ್ಯ ತಗೋ ಎಂದೆ, ದೇವರ ಇಚ್ಛೆ ಎಂದೆ, ಮೊಮ್ಮಕ್ಕಳ ಮುಖ ನೋಡು ಎಂದೆ. ಪ್ರತಿಯೊಂದಕ್ಕೂ ‘ಹೂಂ’ ಎಂದಳು. ನನ್ನ ಹತ್ತಿರವಿದ್ದ ಮಾತೆಲ್ಲ ಒಂದೂವರೆ ನಿಮಿಷದಲ್ಲಿ ಖಾಲಿಯಾಯಿತು. ಎಲ್ಲ ಫೋನನ್ನೂ ಮುಗಿಸುವ ನನ್ನ ಚಾಳಿಯಂತೆ ಬಾಯಿ ತಾನಾಗಿ ನುಡಿಯಿತು, “ಆತಕ್ಕ, ಬರ್ತೇನಿ ಹಂಗಾರ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಪಶಕುನ ನುಡಿದೆ ಎಂದು ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿಲ್ಲ.

“ಬರ್ತೇನಿ ಅಂತ ಬಂದವರು ಅಂತಾರಪಾ,” ಎಂದಳು. “ನೀ ಎಲ್ಲಿ ಬಂದೀದಿ?”

ಫೋನು ಇಟ್ಟುಬಿಟ್ಟಳು. ನಾನು ಮತ್ತೆ ಹಚ್ಚಿದೆ, ಎತ್ತಲಿಲ್ಲ. ಸಂಜೆ ಹಚ್ಚಿದೆ, ಎತ್ತಲಿಲ್ಲ. ಭಾವ ಮಾತ್ರ ಪ್ರತಿ ಸಲವೂ ನಗುತ್ತಾ ಬಂದು ಹೋದರು. ಗಿರಿಜಕ್ಕನ ಸ್ವಭಾವ ನನಗೆ ಗೊತ್ತು. ಒಮ್ಮೆ ಮನಸ್ಸಿನಿಂದ ತೆಗೆದರೆ ಜನ್ಮಕ್ಕೆ ತೆಗೆದಳೆಂದೇ. ಗ್ರೂಪಿನಿಂದ ತೆಗೆದು ಸೇರಿಸುವ ನನ್ನ ಆಟದಂತಲ್ಲ ಅದು. ನನಗೆ ಹೆದರಿಕೆಯಾಯಿತು. ನನ್ನನ್ನು ಎದುರಿಗೆ ಕೂರಿಸಿಕೊಂಡು ಏಕವಚನದಲ್ಲಿ ಬಯ್ಯುವವರು ಈ ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು, ಅವಳನ್ನೂ ಕಳೆದುಕೊಂಡೆನೇ ಎನ್ನಿಸಿತು.

ಮರುದಿನ ಬೆಳಿಗ್ಗೆ ಶುಭೋದಯ ಕಳಿಸದೆ ಬ್ಯಾಡಗಿ ಬಸ್ಸು ಹತ್ತಿದೆ. ಬಸ್ಸು ಇನ್ನೂ ಹಾವೇರಿ ನಿಲ್ದಾಣದಲ್ಲೇ ಇತ್ತು, ಡ್ರೈವರು ಚಹ ಕುಡಿಯುತ್ತಿದ್ದ. ನನ್ನ ಪಕ್ಕದವರು ಫೋನಿಗೆ, ಮೋಟೆಬೆನ್ನೂರು ದಾಟಿದ್ದಾಯಿತು, ಇನ್ನೇನು ಬಂದೆ, ಅಲ್ಲೇ ನಿಂತಿರಿ ಎಂದು ಹೇಳುತ್ತಿದ್ದರು. ಹಿಂದಿನ ಸೀಟಿನ ಹೆಣ್ಣುಮಗಳು ಸ್ಪೀಕರ್ ಹಾಕಿಕೊಂಡು ತನ್ನ ನಾದಿನಿಯ ಬಾಣಂತನದ ವಿವರಗಳನ್ನು ಇಡೀ ಬಸ್ಸಿಗೆ ಕೇಳಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಒಬ್ಬರು ಸಾವಿನ ಮನೆಗೆ ಹೊರಟವರಂತೆ ಕಂಡರು, ಕೈಯಲ್ಲಿ ಬ್ರೆಡ್ಡಿತ್ತು, ಇನ್ನೊಂದು ಕೈಯಲ್ಲಿ ನಗೆಯ ವಿಡಿಯೋ ಓಡುತ್ತಿತ್ತು. ಬೇರೆ ದಿನವಾಗಿದ್ದರೆ ಇವರ ಮೇಲೆ ನಾನು ಗ್ರೂಪಿನಲ್ಲಿ ಒಂದು ಉಪದೇಶ ಬರೆಯುತ್ತಿದ್ದೆ.

ಬ್ಯಾಡಗಿಯಲ್ಲಿ ಇಳಿದ ಕೂಡಲೇ ಎಂದಿನಂತೆ ಗಂಟಲು ಕೆರೆಯಿತು. ಸೀಜನ್ನಿನಲ್ಲಿ ಮೆಣಸಿನಕಾಯಿ ಘಾಟು ಆ ಊರಿನ ಗಾಳಿಯಲ್ಲೇ ಇರುತ್ತದೆ. ಅಲ್ಲಿ ಯಾರು ಕೆಮ್ಮಿದರೂ, ಯಾರ ಕಣ್ಣಲ್ಲಿ ನೀರು ಬಂದರೂ ಏಕೆಂದು ಕೇಳುವವರಿಲ್ಲ. ಗಿರಿಜಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ನೋಡಿ ‘ಕುಂದ್ರು’ ಎಂದಳು, ಅಷ್ಟೇ. ರೇಖಾ ನೀರು ತಂದಿಟ್ಟು ಒಳಗೆ ಹೋದಳು. ನಾನು ಬ್ರೆಡ್ಡು ಕೆಳಗಿಟ್ಟೆ. ಹೇಳುವುದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅವಳು ದೀಪವಿಡುವ ಗೋಡೆಯ ಮಾಡದಿಂದ ಭಾವನ ಫೋನು ತೆಗೆದು ನನ್ನ ಕೈಗೆ ಕೊಟ್ಟಳು. ಅವಳಿಗೆ ಕಣ್ಣಿನ ಆಪರೇಷನ್ ಆಗಿದೆ, ಸಣ್ಣ ಅಕ್ಷರ ಕಾಣುವುದಿಲ್ಲ. ಬಂದ ಸಂತಾಪಗಳನ್ನೆಲ್ಲ ಗಟ್ಟಿಯಾಗಿ ಓದು ಎಂದಳು.

ಓದತೊಡಗಿದೆ. ಮೊದಲನೆಯದು ಹಲಗೇರಿಯ ಕಾಕಾನದು. ‘ಓಂ ಶಾಂತಿ’, ಮೂರು ಜೋಡಿ ಮುಗಿದ ಕೈ. ಗಿರಿಜಕ್ಕ ‘ಇರಲಿ, ಮುಂದ’ ಎಂದಳು. ಎರಡನೆಯದು ರಾಣೇಬೆನ್ನೂರಿನ ನೀಲಮ್ಮ ಅತ್ತಿಯದು, ದೇವರು ದುಃಖ ಭರಿಸುವ ಶಕ್ತಿ ಕೊಡಲಿ ಎಂದಿತ್ತು. ‘ಅಕಿ ಬಂದಿದ್ಲು, ಅದನ್ನ ತಗದುಬಿಡು’ ಎಂದಳು. ತೆಗೆದೆ. ಮೂರನೆಯದು ಮೋಟೆಬೆನ್ನೂರಿನ ಒಬ್ಬ ಭಾವಮೈದುನನದು. ತಮ್ಮ ಆತ್ಮಕ್ಕೆ ಚಿರಶಾಂತಿ ಸಿಗಲಿ, ಬೇಗ ಗುಣಮುಖರಾಗಿ ಬನ್ನಿ ಎಂದು ಎರಡನ್ನೂ ಒಟ್ಟಿಗೇ ಹಾರೈಸಿದ್ದ. ಗಿರಿಜಕ್ಕನ ತುಟಿ ಸ್ವಲ್ಪ ಅಲುಗಿತು. ‘ಇರಲಿ’ ಎಂದಳು. ಭಾವನ ಜೊತೆ ಅಂಗಡಿಯಲ್ಲಿ ಕೆಲಸ ಮಾಡಿದ, ಗಿರಿಜಕ್ಕನನ್ನು ಅತ್ತಿಗೆಯೆಂದೇ ಕರೆಯುವ ಖಾಜಾಸಾಬರು ‘ವೈನಿ, ನಾ ಹೊಂಟೇನಿ’ ಎಂದಷ್ಟೇ ಕಳಿಸಿದ್ದರು. ಅವರು ಮಣ್ಣಿಗೂ ಬಂದಿದ್ದರಂತೆ, ಆಮೇಲೆ ಮೂರು ದಿನ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರಂತೆ. ತೆಗೆಯಲು ಹೇಳಿದಳು.

ನಾಲ್ಕಾರು ಓದಿದ ಮೇಲೆ ನನಗೆ ಅರ್ಥವಾಯಿತು. ಬಂದವರ ಸಂದೇಶವನ್ನು ತೆಗೆಸುತ್ತಿದ್ದಳು, ಬಾರದವರದನ್ನು ಉಳಿಸುತ್ತಿದ್ದಳು. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಯಾವತ್ತೂ ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಇವಳಿಗೆ ಈಗ ಬಾರದವರೆಲ್ಲ ಕೈಮುಗಿದು ತಾವಾಗಿಯೇ ಹೆಸರು ಬರೆಸಿ ಹೋಗಿದ್ದರು. ಓದುತ್ತಾ ಹೋದಂತೆ ‘ಇರಲಿ, ಇರಲಿ’ ಎಂಬುದೇ ಹೆಚ್ಚಾಯಿತು. ನನ್ನ ಗ್ರೂಪೆಲ್ಲ ಅಲ್ಲಿತ್ತು. ಮುಂದಿನದು ನನ್ನದು ಎಂದು ಕಂಡಿತು. ನಾನು ಅದನ್ನು ದಾಟಿ ಕೆಳಗಿನದನ್ನು ಓದಿದೆ.

“ನಿಂದ ಬಿಟ್ಟಿ,” ಎಂದಳು ಗಿರಿಜಕ್ಕ. “ರೇಖಾ ಎಲ್ಲಾ ಒಮ್ಮೆ ಓದಿ ಹೇಳ್ಯಾಳ. ಓದು.”

ಓದಿದೆ. ‘ಮಾನ್ಯರೇ, ತಮ್ಮ ಕುಟುಂಬದ ಹಿರಿಯರ ಅಗಲಿಕೆಯಿಂದ ತಮಗೆ ಉಂಟಾದ ದುಃಖದಲ್ಲಿ ನಾವೂ ಭಾಗಿಗಳು. ಮೃತರು ಸರಳ, ಸಜ್ಜನ, ಸ್ನೇಹಜೀವಿಯಾಗಿದ್ದರು. ಇಂತಿ, ಅಡ್ಮಿನ್.’ ನನ್ನ ಹೆಸರು ಕೂಡ ಇರಲಿಲ್ಲ. ಭಾವನ ಹೆಸರಂತೂ ಮೊದಲೇ ಇರಲಿಲ್ಲ. ನನ್ನ ಪಾಟಿ ಒರೆಸಿಕೊಟ್ಟವಳ ಎದುರಿಗೆ ಕುಳಿತು ‘ಮಾನ್ಯರೇ’ ಎಂದು ಓದುವಾಗ ನನ್ನ ಧ್ವನಿ ನನಗೇ ಅಸಹ್ಯವಾಯಿತು. ತೆಗೆಯಲೇ ಎಂದು ಮೆಲ್ಲಗೆ ಕೇಳಿದೆ.

“ತಡಿ,” ಎಂದಳು. “ಮೊದಲ ಹೆಂಗಾತು ಅಂತ ಕೇಳು.”

ಸಾವಿನ ಮನೆಯಲ್ಲಿ ಕುಳಿತವರು ಕೇಳುವ ಮೊದಲ ಮಾತೇ ಅದು. ‘ಹೆಂಗಾತ್ರಿ?’ ಮನೆಯವರು ಬೆಳಗಿನಿಂದ ಶುರುಮಾಡಿ ಎಲ್ಲವನ್ನೂ ಹೇಳುತ್ತಾರೆ. ಮತ್ತೊಬ್ಬರು ಬಂದಾಗ ಮತ್ತೆ ಮೊದಲಿನಿಂದ ಹೇಳುತ್ತಾರೆ. ಹೇಳಿ ಹೇಳಿ ಅದು ಹೇಗೋ ಹೊರಲು ಬರುವಷ್ಟು ಹಗುರಾಗುತ್ತದೆ. ಗಿರಿಜಕ್ಕನನ್ನು ಯಾರೂ ಕೇಳಿರಲಿಲ್ಲ. ಮನೆಗೆ ಬಂದವರೂ ಫೋನಿನಲ್ಲಿ ಓದಿಕೊಂಡೇ ಬಂದಿದ್ದರು, ‘ಹಾರ್ಟ್ ಅಟ್ಯಾಕ್ ಆತಂತಲ್ಲಾ’ ಎಂದು ತಾವೇ ಹೇಳಿ, ಕುಳಿತು, ಎದ್ದು ಹೋಗಿದ್ದರು. ಕೆಂಪು ಅಕ್ಷರದಲ್ಲಿ ಅದನ್ನು ಬರೆದು ಊರಿಗೆಲ್ಲ ಹಂಚಿದವನು ನಾನು.

“ಹೆಂಗಾತಕ್ಕ?” ಎಂದು ಕೇಳಿದೆ.

ಅವಳು ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು. ಸೋಮವಾರ ಬೆಳಿಗ್ಗೆ ಭಾವ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಎರಡು ರೊಟ್ಟಿ ತಿಂದಿದ್ದರು. ಮನೆಗೆ ಖಾರ ಕುಟ್ಟಿಸಬೇಕೆಂದು ಇಬ್ಬರೂ ಇದೇ ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಅವರು ಕೆಮ್ಮಿದರು, ಎದೆ ಹಿಡಿದಂತೆ ಆಗುತ್ತಿದೆ ಎಂದರು. ಕಣ್ಣಲ್ಲಿ ನೀರಿತ್ತು. ಅವಳು ನೀರು ಕೊಟ್ಟು, ಹೊರಗೆ ಕಟ್ಟೆಯ ಮೇಲೆ ಗಾಳಿಗೆ ಕುಳಿತುಕೊಳ್ಳಿ ಎಂದು ಕಳಿಸಿದಳು. ಇಡೀ ಆಯುಷ್ಯ ಮೆಣಸಿನಕಾಯಿಯಲ್ಲೇ ಕಳೆದವರಿಗೆ ಈಗ ಘಾಟು ಹತ್ತಿತೇ ಎಂದು ಚೇಷ್ಟೆಯನ್ನೂ ಮಾಡಿದಳಂತೆ. ಉಳಿದ ಕಾಯಿ ಮುಗಿಸಿ, ಕೈ ತೊಳೆದುಕೊಂಡು ಹೊರಗೆ ಹೋಗಿ ನೋಡಿದಾಗ ಅವರು ಗೋಡೆಗೆ ತಲೆ ಇಟ್ಟುಕೊಂಡಿದ್ದರು.

“ಘಾಟು ಅಂದ್ಕೊಂಡ್ನೆಪಾ ನಾನು,” ಎಂದಳು. “ನಕ್ಕೆ.”

ಅವಳು ಅತ್ತಳು. ಒಳಗಿನಿಂದ ರೇಖಾ ಬಂದು ಬಾಗಿಲಲ್ಲಿ ನಿಂತಳು, ಅತ್ತೆ ಅಳುವುದನ್ನು ಈ ಮೂರು ವಾರದಲ್ಲಿ ಅವಳು ನೋಡಿರಲಿಲ್ಲ. ಬ್ಯಾಡಗಿಯಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು, ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ ಎಂದು ಹೇಳಿದೆ. ಆಮೇಲೆ ನಾನೂ ಅತ್ತೆ. ಅವಳು ಮತ್ತೊಮ್ಮೆ ಮೊದಲಿನಿಂದ ಹೇಳಿದಳು, ಜಳಕ, ವಿಭೂತಿ, ಎರಡು ರೊಟ್ಟಿ. ನಾನು ಎಲ್ಲೂ ತಲೆ ಎತ್ತದೆ ಕೇಳಿದೆ. ಮುಗಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕೈಯಲ್ಲಿದ್ದ ಫೋನಿನ ಕಡೆ ನೋಡಿದಳು.

“ಈಗ ತಗದುಬಿಡು,” ಎಂದಳು. “ನೀ ಬಂದಿಯಲ್ಲ.”